ಓದುಗರ ಪ್ರಶ್ನೆ: ನಾಲ್ವರು ನಾಲ್ಕು ಮಾತು ಹೇಳಿದರೆ ಯಾರ ಮಾತು ನಂಬಲಿ?

ಪ್ರಶ್ನೆ: ನಾನು ನಾಪೋಕ್ಲು ಸಮೀಪದವಳು. ಪದವಿ ಮುಗಿದ ಮೇಲೆ ಜಾಹೀರಾತು ಬರಹಗಾರ್ತಿಯಾಗಬೇಕೆಂದು ಒಂದು ವರ್ಷದಿಂದ ಪ್ರಯತ್ನಿಸುತ್ತಿದ್ದೇನೆ. ಕಾಫಿ ಪುಡಿ, ಹೋಂಸ್ಟೇ, ಜೇನು, ಕಿತ್ತಳೆ ಮುಂತಾದವುಗಳಿಗೆ ನಾನೇ 18 ಜಾಹೀರಾತುಗಳನ್ನು ಬರೆದು ಪೋರ್ಟ್‌ಫೋಲಿಯೊ ಸಿದ್ಧಪಡಿಸಿದ್ದೇನೆ. ಅದನ್ನು ನೋಡಿ ನನ್ನ ಅಧ್ಯಾಪಕರು ‘ಭಾಷೆ ಸೊಗಸಾಗಿದೆ’ ಎಂದರು. ಬೆಂಗಳೂರಿನ ಏಜೆನ್ಸಿಯೊಂದರ ಬರಹಗಾರರು ‘ಐಡಿಯಾ ಕಾಣುತ್ತಿಲ್ಲ’ ಎಂದು ಒಂದೇ ಸಾಲು ಬರೆದರು. ವಿನ್ಯಾಸಕ ಗೆಳೆಯ ‘ಮಾತು ಹೆಚ್ಚಾಯಿತು’ ಎಂದ. ಹೋಂಸ್ಟೇ ನಡೆಸುವ ಚಿಕ್ಕಪ್ಪ ‘ಇದನ್ನು ಓದಿದವರು ನಮ್ಮ ಮನೆಗೇ ಏಕೆ ಬರಬೇಕು?’ ಎಂದು ಕೇಳಿದರು. ಯಾರ ಮಾತನ್ನು ನಂಬಲಿ? ಇನ್ನು ಯಾರಿಗೆ, ಹೇಗೆ ತೋರಿಸಲಿ?

ಉತ್ತರ: ನೀವು ಕಳುಹಿಸಿದ ಹೋಂಸ್ಟೇ ಜಾಹೀರಾತಿನ ಶೀರ್ಷಿಕೆಯನ್ನು ಮೊದಲು ನೋಡೋಣ: ‘ಹಸಿರಿನ ಮಡಿಲಲ್ಲಿ, ಮಂಜಿನ ಮುಸುಕಿನಲ್ಲಿ, ಮನಸ್ಸಿಗೊಂದು ಮರುಹುಟ್ಟು.’ ಇದರ ಪ್ರಾಸ ಅಧ್ಯಾಪಕರಿಗೆ ಹಿಡಿಸಿತು. ಪ್ರಾಸದ ಹಿಂದೆ ಹೇಳುವ ಸಂಗತಿ ಇಲ್ಲವೆಂಬುದು ಏಜೆನ್ಸಿಯವರಿಗೆ ತಿಳಿಯಿತು. ಸಂಗತಿ ಇಲ್ಲದ ಕಡೆ ಎರಡು ಮಾತೂ ಹೆಚ್ಚೇ ಆಗುವುದರಿಂದ ಗೆಳೆಯನಿಗೆ ಅದು ಉದ್ದವೆನಿಸಿತು. ಚಿಕ್ಕಪ್ಪನವರು ಮಾತ್ರ ನೇರವಾಗಿ ಕೇಳಿದರು, ಏಕೆಂದರೆ ಈ ಸಾಲು ಚಿಕ್ಕಮಗಳೂರಿಗೂ ಸಕಲೇಶಪುರಕ್ಕೂ ಅಷ್ಟೇ ಸಲೀಸಾಗಿ ಒಪ್ಪುತ್ತದೆ. ಆದ್ದರಿಂದ ನಾಲ್ವರೂ ಒಂದೇ ಜಾಗಕ್ಕೆ ಬೆರಳಿಟ್ಟಿದ್ದಾರೆ. ಅಭಿಪ್ರಾಯ ಕೊಡುವವರು ಸೂಚಿಸುವ ಪರಿಹಾರ ಬೇರೆ ಬೇರೆಯಾಗಿರಬಹುದು, ತಪ್ಪೂ ಆಗಿರಬಹುದು. ಆದರೆ ಹಲವರು ಒಂದೇ ಜಾಗದಲ್ಲಿ ಎಡವಿದರೆ ಅಲ್ಲಿ ಕಲ್ಲು ಇದೆಯೆಂದೇ ತಿಳಿಯಬೇಕು. ಆ ಕಲ್ಲನ್ನು ತೆಗೆಯುವ ಬಗೆ ಮಾತ್ರ ನಿಮ್ಮದು.

ಇನ್ನು ಕೇಳುವ ರೀತಿ. ‘ಹೇಗಿದೆ?’ ಎಂದು ಕೇಳಿದರೆ, ಎದುರಿನವರು ನಿಮ್ಮ ಮನಸ್ಸು ನೋಯಬಾರದೆಂದು ‘ಚೆನ್ನಾಗಿದೆ’ ಎನ್ನುತ್ತಾರೆ. ಬಂದವರನ್ನು ಕಾಫಿ ಕುಡಿಸದೆ ಕಳುಹಿಸದ ನಮ್ಮ ಕಡೆ ಈ ದಾಕ್ಷಿಣ್ಯ ಇನ್ನೂ ಹೆಚ್ಚು. ಆದ್ದರಿಂದ ಜಾಹೀರಾತನ್ನು ಹತ್ತು ಸೆಕೆಂಡು ತೋರಿಸಿ, ಮುಚ್ಚಿಟ್ಟು, ಮೂರು ಸಂಗತಿಗಳನ್ನು ಕೇಳಿ: ಇದು ಏನನ್ನು ಮಾರುತ್ತಿದೆ, ಯಾರಿಗೆ ಮಾರುತ್ತಿದೆ, ಅವರು ಏಕೆ ಕೊಳ್ಳಬೇಕು. ಉತ್ತರ ಬರುವವರೆಗೆ ಒಂದು ಮಾತನ್ನೂ ಆಡಬೇಡಿ. ‘ನಾನು ಹೇಳಹೊರಟಿದ್ದು ಏನೆಂದರೆ’ ಎಂದು ವಿವರಿಸಲು ಮೊದಲಿಟ್ಟ ಕ್ಷಣವೇ ಆ ಪರೀಕ್ಷೆ ಕೆಟ್ಟಿತು, ಏಕೆಂದರೆ ಪತ್ರಿಕೆಯಲ್ಲಿ ಅಚ್ಚಾದ ಜಾಹೀರಾತಿನ ಪಕ್ಕದಲ್ಲಿ ನೀವು ನಿಂತಿರುವುದಿಲ್ಲ. ಈ ಪರೀಕ್ಷೆಗೆ ಜಾಹೀರಾತು ತಜ್ಞರು ಬೇಕಿಲ್ಲ. ಮಡಿಕೇರಿಯ ಅಂಗಡಿಯವರು, ತೋಟದ ರೈಟರು, ಬಸ್ಸಿನಲ್ಲಿ ಪಕ್ಕಕ್ಕೆ ಕುಳಿತವರು ಸಾಕು.

ಉದಾಹರಣೆಗೆ ನಿಮ್ಮ ಕಿತ್ತಳೆ ಜಾಹೀರಾತು. ‘ರಸಭರಿತ, ರುಚಿಭರಿತ ಕೊಡಗಿನ ಕಿತ್ತಳೆ’ ಎಂದಿದ್ದೀರಿ. ಯಾವ ಕಿತ್ತಳೆಗೆ ರಸವಿಲ್ಲ? ಈ ಹಣ್ಣಿಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ, ಹುಳಿ ಬೆರೆತ ಸಿಹಿಯಿದೆ, ಸುಲಭವಾಗಿ ಬಿಡಿಸಬಹುದಾದ ಸಡಿಲ ಸಿಪ್ಪೆಯಿದೆ. ಮೂರನ್ನೂ ಒಂದೇ ಸಾಲಿಗೆ ತುರುಕದೆ ಒಂದನ್ನು ಆರಿಸಿ. ಸಿಪ್ಪೆಯನ್ನು ಆರಿಸಿದರೆ, ಶಾಲೆಯ ಟಿಫಿನ್ ಡಬ್ಬಿಯನ್ನು ನೆನೆದು ಹೀಗೆ ಬರೆಯಬಹುದು: ‘ಸಿಪ್ಪೆ ಬಿಡಿಸಿಕೊಡಲು ಅಮ್ಮ ಶಾಲೆಗೆ ಬರಬೇಕಾಗಿಲ್ಲ.’ ಇದೇ ಅತ್ಯುತ್ತಮ ಸಾಲೆಂದು ನಾನು ಹೇಳುತ್ತಿಲ್ಲ. ಆದರೆ ಇದನ್ನು ಓದಿದವರು ಆ ಮೂರು ಪ್ರಶ್ನೆಗಳಿಗೂ ಉತ್ತರ ಕೊಡಬಲ್ಲರು. ನಾನು ಹೊಸಬನಾಗಿದ್ದಾಗ ಹಿರಿಯರೊಬ್ಬರು ನನ್ನ ಪುಟದ ಮೂರನೆಯ ವಾಕ್ಯದ ಕೆಳಗೆ ಪೆನ್ಸಿಲಿನಿಂದ ಗೆರೆ ಎಳೆದು, ‘ನಿಮ್ಮ ಜಾಹೀರಾತು ಇಲ್ಲಿಂದ ಶುರುವಾಗುತ್ತದೆ’ ಎಂದಿದ್ದರು. ನಿಮ್ಮ ಜೇನಿನ ಜಾಹೀರಾತಿನಲ್ಲೂ ಹಾಗೆಯೇ ಆಗಿದೆ. ಶೀರ್ಷಿಕೆ ನಾಲ್ಕನೆಯ ಸಾಲಿನಲ್ಲಿ ಅಡಗಿ ಕುಳಿತಿದೆ, ದಯವಿಟ್ಟು ಅದನ್ನು ಮೇಲಕ್ಕೆ ತನ್ನಿ.

ವೃತ್ತಿಪರರಿಗೆ ಕಳುಹಿಸುವಾಗ 18 ಬೇಡ, ಆರು ಸಾಕು. ನೋಡುವವರ ಮನಸ್ಸಿನಲ್ಲಿ ನಿಲ್ಲುವುದು ಬಹಳ ಸಲ ನಿಮ್ಮ ಅತಿ ದುರ್ಬಲ ಪುಟ. ಪ್ರತಿ ಜಾಹೀರಾತಿನ ಮೇಲೆ ಎರಡು ಸಾಲಿನ ಬ್ರೀಫ್ ಇರಲಿ: ಯಾರಿಗಾಗಿ, ಏನನ್ನು ಹೇಳಲು. ಅದಿಲ್ಲದೆ ಬರಹ ಗುರಿ ಮುಟ್ಟಿತೇ ಎಂದು ಯಾರೂ ತೀರ್ಮಾನಿಸಲಾರರು. ಸ್ವಂತ ಬ್ರೀಫ್ ಬರೆಯುವುದು ಕಷ್ಟವಾದರೆ, ವಿನ್ಯಾಸ ಮತ್ತು ಜಾಹೀರಾತು ಕ್ಷೇತ್ರದ ಲಂಡನ್ನಿನ ಡಿ ಆಂಡ್ ಎಡಿ ಸಂಸ್ಥೆ ಹೊಸಬರಿಗೆಂದು ನಡೆಸುವ ನ್ಯೂ ಬ್ಲಡ್ ಸ್ಪರ್ಧೆಗಾಗಿ ಪ್ರತಿ ವರ್ಷ ಪ್ರಕಟಿಸುವ ಬ್ರೀಫ್‌ಗಳನ್ನು ಓದಿ ನೋಡಿ. ಕ್ರಿಯೇಟಿವ್ ಡೈರೆಕ್ಟರ್‌ಗಳಿಗಿಂತ, ಮೂರು ನಾಲ್ಕು ವರ್ಷ ಕೆಲಸ ಮಾಡಿರುವ ಬರಹಗಾರರನ್ನು ಮೊದಲು ಕೇಳಿ. ತಮ್ಮ ಪೋರ್ಟ್‌ಫೋಲಿಯೊವನ್ನು ಹೇಗೆ ತಿದ್ದಿದೆವೆಂಬುದು ಅವರಿಗೆ ಇನ್ನೂ ನೆನಪಿರುತ್ತದೆ. ‘ಅಭಿಪ್ರಾಯ ತಿಳಿಸಿ’ ಎನ್ನದೆ ‘ಈ ಆರರಲ್ಲಿ ಯಾವ ಎರಡನ್ನು ತೆಗೆದುಹಾಕುತ್ತೀರಿ, ಏಕೆ?’ ಎಂದು ಕೇಳಿದರೆ ಬಿಡುವಿಲ್ಲದವರೂ ಉತ್ತರಿಸಬಲ್ಲರು. ತಿದ್ದಿದ ಮೇಲೆ ಹಳೆಯದನ್ನೂ ಹೊಸದನ್ನೂ ಜೊತೆಯಾಗಿ ಅವರಿಗೇ ಮರಳಿ ಕಳುಹಿಸಿ.

ಕನ್ನಡದ ವಿಷಯದಲ್ಲಿ ನನಗೆ ವಿಶೇಷ ಕಾಳಜಿಯಿದೆ. ನಮ್ಮ ಪತ್ರಿಕೆಗಳಲ್ಲಿ ಕಾಣುವ ಎಷ್ಟೋ ಕನ್ನಡ ಜಾಹೀರಾತುಗಳು ಇಂಗ್ಲಿಷಿನಿಂದಲೋ ಹಿಂದಿಯಿಂದಲೋ ಇಳಿದು ಬಂದವು, ಆದ್ದರಿಂದ ಕನ್ನಡದಲ್ಲೇ ಹುಟ್ಟಿದ ನಿಮ್ಮ ಸಾಲುಗಳಿಗೆ ನಿಜವಾದ ಬೆಲೆಯಿದೆ. ಅವನ್ನು ಕನ್ನಡ ಓದಲಾರದ ಹಿರಿಯರಿಗೆ ತೋರಿಸಬೇಕಾದಾಗ ಪದಶಃ ಅನುವಾದ ಮಾಡಿಕೊಡಬೇಡಿ. ಐಡಿಯಾ ಏನೆಂದು ಒಂದು ವಾಕ್ಯದಲ್ಲಿ ತಿಳಿಸಿ, ಅದರ ಬಗ್ಗೆ ಮಾತ್ರ ಕೇಳಿ. ಭಾಷೆಯನ್ನು ಕನ್ನಡದವರೇ ನೋಡಲಿ. ರೇಡಿಯೊ ಜಾಹೀರಾತಿನಲ್ಲಿ ಕೊಡವ ತಕ್ಕ್ ಅಥವಾ ಅರೆಭಾಷೆಯ ಮಾತು ತಂದಿದ್ದರೆ, ಆ ಭಾಷೆಯನ್ನು ಮನೆಯಲ್ಲಿ ಆಡುವವರಿಗೆ ಓದಿ ಹೇಳಿ, ಗಡಿಯಾರವನ್ನೂ ಪಕ್ಕದಲ್ಲಿಟ್ಟುಕೊಳ್ಳಿ. 30 ಸೆಕೆಂಡಿಗೆ ಬರೆದದ್ದು ಗಟ್ಟಿಯಾಗಿ ಓದಿದಾಗ 45 ಸೆಕೆಂಡಾಗುವುದು ತೀರಾ ಸಾಮಾನ್ಯ.

ಪ್ರಶ್ನೆ: ಯಾರೂ ಹೇಳದೆ ನಾನೇ ಬರೆದ ಜಾಹೀರಾತಿಗೆ ನಿಜವಾದ ಬ್ರ್ಯಾಂಡಿನ ಹೆಸರು ಬಳಸಬಹುದೇ? (ಕುಶಾಲನಗರದ ಓದುಗರು)

ಉತ್ತರ: ಪೋರ್ಟ್‌ಫೋಲಿಯೊದಲ್ಲಿ ಇದು ರೂಢಿಯಲ್ಲಿದೆ. ಆದರೆ ‘ಅಭ್ಯಾಸಕ್ಕಾಗಿ ಬರೆದದ್ದು, ಕಂಪನಿಗಾಗಿ ಮಾಡಿದ್ದಲ್ಲ’ ಎಂದು ಅದೇ ಪುಟದಲ್ಲಿ ಸ್ಪಷ್ಟವಾಗಿ ಬರೆಯಿರಿ. ಅಭ್ಯಾಸದ ಜಾಹೀರಾತಿನಲ್ಲೂ ಹುಸಿ ಮಾತು ಬೇಡ. ನೀವು ಕಳುಹಿಸಿದ ಎರಡನೆಯ ಪುಟದಲ್ಲಿ ಚಿಕೋರಿ ಬೆರೆತ ಪುಡಿಗೆ ‘ಅಪ್ಪಟ ಕಾಫಿ’ ಎಂದಿದ್ದೀರಿ. ನಮ್ಮ ಆಹಾರ ನಿಯಮದಂತೆ ಇಂಥ ಮಿಶ್ರಣದಲ್ಲಿ ಕಾಫಿ ಶೇ. 51ಕ್ಕಿಂತ ಕಡಿಮೆ ಇರುವಂತಿಲ್ಲ, ಪ್ರಮಾಣವನ್ನು ಪೊಟ್ಟಣದ ಮೇಲೆ ತಿಳಿಸಲೇಬೇಕು. 1985ರಲ್ಲಿ ಆರಂಭವಾದ ಭಾರತೀಯ ಜಾಹೀರಾತು ಮಾನಕ ಮಂಡಳಿಯ ಸಂಹಿತೆಯೂ ಜಾಹೀರಾತಿನ ಮಾತಿಗೆ ಆಧಾರವಿರಬೇಕೆನ್ನುತ್ತದೆ. ಅನುಭವಿಗಳು ನಿಮ್ಮ ಪುಟದಲ್ಲಿ ಮೊದಲು ಗುರುತಿಸುವುದು ಇಂಥ ತಪ್ಪನ್ನೇ. ಮುಂದಿನ ಸಲ ಬರೆಯುವ ಮುನ್ನ ಪೊಟ್ಟಣದ ಹಿಂಬದಿಯನ್ನು ಪೂರ್ತಿ ಓದಿ, ಅದರ ಫೋಟೊವನ್ನು ನಿಮ್ಮ ಕರಡಿನ ಜೊತೆಗೇ ಇಟ್ಟುಕೊಳ್ಳಿ.