“ಧರ್ಮಸಭೆ ಹೇಳುತ್ತದೆ” ಅಂತ ಬರೆಯುವ ಮುಂಚೆ

ಪ್ರಿಯ ಲೇಖಕರೇ,

ನಿಮ್ಮ ‘ವಿಶ್ವಾಸಿಯ ಮತ’ ಲೇಖನ ತಲುಪಿತು. ಒಂದೇ ಪಟ್ಟಿಗೆ ಕೂತು ಓದಿದೆ. ಓದಿ ಸಿಟ್ಟು ಬಂತು. ಸಪ್ಪೆ ಲೇಖನವಾಗಿದ್ದರೆ ಎರಡು ಸಾಲಿನ ವಿಷಾದ ಬರೆದು ಮುಗಿಸುತ್ತಿದ್ದೆ.

ಭಾಷೆ ಚೊಕ್ಕವಾಗಿದೆ. ಕಸ ಗುಡಿಸುವ ಹೆಂಗಸು ಸಂಬಳದ ಚೀಟಿಯ ಮೇಲೆ ಬೆರಳಿಟ್ಟು ಕಡಿತದ ಒಂದೊಂದು ಸಾಲನ್ನೂ ಜೋರಾಗಿ ಓದುವ ಪ್ಯಾರಾ ಇದೆಯಲ್ಲ, ಅದು ಚೆನ್ನಾಗಿದೆ. ಅದನ್ನು ಮುಟ್ಟಬೇಡಿ.

ಈಗ ನನಗೆ ಚುಚ್ಚಿದ ಜಾಗಕ್ಕೆ ಬರುತ್ತೇನೆ. ಕನಿಷ್ಠ ಕೂಲಿ ಏರಿಸುವ ಮಸೂದೆಯನ್ನು ಕಥೋಲಿಕರು ಬೆಂಬಲಿಸಬೇಕು ಅನ್ನೋದು ನಿಮ್ಮ ವಾದ. ವಾದ ಇರಲಿ, ಅದರಲ್ಲಿ ನನಗೂ ದೊಡ್ಡ ತಕರಾರಿಲ್ಲ. ಆದರೆ ಮೂರನೇ ಪುಟದ ಮೊದಲ ಸಾಲು ನೋಡಿ.

“ಧರ್ಮಸಭೆ ಈ ಮಸೂದೆಯ ಪರವಾಗಿದೆ.”

ಧರ್ಮಸಭೆ ಅಂದರೆ ಇಡೀ ಕಥೋಲಿಕ ಚರ್ಚು. ಅದರ ಪರವಾಗಿ ಯಾರು ಹೇಳಿದ್ದು? ಯಾವಾಗ? ಪೋಪ್ ಈ ಮಸೂದೆ ಓದಿದ್ದಾರಾ? ನಿಮ್ಮ ಧರ್ಮಾಧ್ಯಕ್ಷರು ಹೇಳಿಕೆ ಕೊಟ್ಟಿದ್ದರೆ ತಾರೀಖಿನ ಸಮೇತ ಹಾಕಿ. ಕೊಟ್ಟಿಲ್ಲ ಅಂದ್ರೆ ಇದು ನಿಮ್ಮ ಮಾತು. ನಿಮ್ಮ ಮಾತು ಅಂತಲೇ ಬರೆಯಿರಿ.

ಅದರ ಕೆಳಗೆ: “ಸರ್ಕಾರವೇ ಕೂಲಿ ನಿಗದಿ ಮಾಡಬೇಕೆಂದು ಹದಿಮೂರನೇ ಲಿಯೋ 1891ರಲ್ಲೇ ಆಜ್ಞಾಪಿಸಿದರು.”

ನೀವು ನೆಚ್ಚಿರುವುದು ಆಗಿನ ಪೋಪ್ ಲಿಯೋ ಬರೆದ ‘ರೇರುಮ್ ನೊವಾರುಮ್’ ವಿಶ್ವಪತ್ರವನ್ನು. ವ್ಯಾಟಿಕನ್ನಿನ ಇಂಗ್ಲಿಷ್ ಪಾಠದಲ್ಲಿ 45ನೇ ಪ್ಯಾರಾ. ಮಾಲೀಕ, ಕೆಲಸಗಾರ ಇಬ್ಬರೂ ಏನೇ ಒಪ್ಪಂದ ಮಾಡಿಕೊಂಡರೂ ಅದಕ್ಕಿಂತ ಹಳೆಯ ನ್ಯಾಯವೊಂದಿದೆ ಅನ್ನುತ್ತಾರೆ ಲಿಯೋ. ಮಿತವಾಗಿ, ನೆಟ್ಟಗೆ ಬಾಳುವ ಕೆಲಸಗಾರನ ಹೊಟ್ಟೆಬಟ್ಟೆಗೆ ಕೂಲಿ ಸಾಲದೆ ಹೋಗಬಾರದು. ಬೇರೆ ಗತಿಯಿಲ್ಲದೆ ಕೆಟ್ಟ ಷರತ್ತಿಗೆ ತಲೆಬಾಗಿದವನು ಬಲಾತ್ಕಾರಕ್ಕೆ, ಅನ್ಯಾಯಕ್ಕೆ ಸಿಕ್ಕವನು. ಇಷ್ಟು ಖಾರವಾಗಿ ಹೇಳಿದ ಮೇಲೆ ಲಿಯೋ ಏನು ಮಾಡುತ್ತಾರೆ ಗೊತ್ತಾ? ಮರುವಾಕ್ಯದಲ್ಲೇ, ಇಂಥ ವಿಷಯಗಳಲ್ಲಿ ಸರ್ಕಾರ ಅತಿಯಾಗಿ ಕೈ ಹಾಕದಿರಲಿ ಅಂತ ಸಂಘಗಳ, ಮಂಡಳಿಗಳ ದಾರಿ ತೋರಿಸುತ್ತಾರೆ. ಕಾಲ, ಊರು, ಸಂದರ್ಭ ಬೇರೆ ಬೇರೆ ಅನ್ನುವುದು ಅವರು ಕೊಡುವ ಕಾರಣ. ಬೇಕಾದಾಗ ಸರ್ಕಾರ ಬೆನ್ನಿಗೆ ನಿಲ್ಲಲಿ ಅಂತಲೂ ಸೇರಿಸುತ್ತಾರೆ. ನೀವು ಮೊದಲ ವಾಕ್ಯ ಓದಿ ಪುಸ್ತಕ ಮುಚ್ಚಿದ್ದೀರಿ, ಅಥವಾ ಬೇರೆ ಯಾರೋ ಎತ್ತಿಕೊಟ್ಟ ಸಾಲನ್ನು ಎತ್ತಿಕೊಂಡಿದ್ದೀರಿ. ಎರಡನೆಯದೇ ಇರಬೇಕು ಅಂತ ನನ್ನ ಗುಮಾನಿ.

ನಾನು ಕೆಲಸ ಕಲಿತ ಪತ್ರಿಕೆಯಲ್ಲಿ ಕರಡು ತಿದ್ದುವುದು ನನ್ನ ಪಾಲಿಗಿತ್ತು. ಲೇಖನದಲ್ಲಿ ಯಾವುದಾದರೂ ಉಲ್ಲೇಖ ಬಂದರೆ ಅಲ್ಲಿನ ಹಿರಿಯ ಸಂಪಾದಕರು ಆ ಸಾಲನ್ನು ಹೋಲಿಸಿ ನೋಡಿದರೆ ಸಾಕು ಅನ್ನುತ್ತಿರಲಿಲ್ಲ. ಮೂಲ ಪುಸ್ತಕ ತರಿಸಿ, ಹಿಂದಿನ ಪ್ಯಾರಾ, ಮುಂದಿನ ಪ್ಯಾರಾ ಎರಡನ್ನೂ ಕೈಯಲ್ಲಿ ನಕಲು ಮಾಡಿಸುತ್ತಿದ್ದರು. ಬೆರಳೆಲ್ಲ ಶಾಯಿ. ಆಗ ಒಳಗೊಳಗೇ ಬೈದುಕೊಳ್ಳುತ್ತಿದ್ದೆ. ಆದರೆ ಎಷ್ಟೋ ಲೇಖನಗಳು ಆ ನಕಲಿನ ಮುಂದೆ ಮಗುಚಿಕೊಂಡವು. ಅವರು ಲೇಖಕರಿಗೆ ಬೇರೇನೂ ಹೇಳುತ್ತಿರಲಿಲ್ಲ, ನಕಲಿನ ಹಾಳೆ ಮುಂದಿಡುತ್ತಿದ್ದರು ಅಷ್ಟೇ. ನಾನು ಅಷ್ಟು ಕಡಿಮೆ ಮಾತಿನವನಲ್ಲ, ಕ್ಷಮಿಸಿ.

ಮುಂದಿನ ಸಾಲು: “ನಿಜವಾದ ಕಥೋಲಿಕ ಇದನ್ನು ವಿರೋಧಿಸಲಾರ.”

ನನಗೆ ಸಿಟ್ಟು ತರಿಸಿದ್ದು ಇದೇ. ಲಿಯೋ ಹೇಳಿದ್ದನ್ನು ಪೂರ್ತಿ ಒಪ್ಪಿಕೊಂಡೂ, ಈ ಮಸೂದೆ ಬಂದರೆ ಸಣ್ಣ ಅಂಗಡಿಗಳು ಆಳು ಕಡಿಮೆ ಮಾಡುತ್ತವೆ, ಸಂಘದ ಮೂಲಕ ಚೌಕಾಸಿ ಮಾಡುವುದೇ ಲೇಸು ಅಂತ ಒಬ್ಬಳು ವಾದಿಸಬಹುದು. ಅವಳು ತಪ್ಪಿರಬಹುದು. ಹಾಗಂತ ಅವಳ ವಿಶ್ವಾಸಕ್ಕೆ ಕೈ ಹಾಕಲು ನಿಮಗೆ ಯಾರು ಹೇಳಿದರು? ಜಗತ್ತಿನ ಬಿಷಪ್‌ಗಳು ಕೂಡಿದ ಎರಡನೇ ವ್ಯಾಟಿಕನ್ ಮಹಾಸಭೆ 1965ರಲ್ಲಿ ಇದೇ ಪೇಚನ್ನು ಕಂಡು ಬರೆದಿದೆ, ‘ಗೌದಿಯುಮ್ ಎತ್ ಸ್ಪೆಸ್’ ದಾಖಲೆಯ 43ನೇ ಪ್ಯಾರಾದಲ್ಲಿ. ಪ್ರಾಮಾಣಿಕ ವಿಶ್ವಾಸಿಗಳು ಒಂದೇ ವಿಷಯದಲ್ಲಿ ಬೇರೆ ಬೇರೆ ತೀರ್ಮಾನಕ್ಕೆ ಬರಬಹುದು, ತನ್ನ ಅಭಿಪ್ರಾಯಕ್ಕೆ ಮಾತ್ರ ಧರ್ಮಸಭೆಯ ಅಧಿಕಾರ ಇದೆ ಅಂತ ಯಾರೂ ಹೇಳಿಕೊಳ್ಳಬಾರದು. 1983ರ ಧರ್ಮಸಭೆಯ ಕಾನೂನು ಸಂಹಿತೆಯ 227ನೇ ವಿಧಿಯಲ್ಲೂ ಇದೇ ಎಚ್ಚರಿಕೆ ಇದೆ.

ಎಲ್ಲವೂ ಅವರವರ ಇಷ್ಟ ಅಂತ ನಾನು ಹೇಳುತ್ತಿಲ್ಲ. ಗರ್ಭಪಾತ, ದಯಾಮರಣದಂಥ ವಿಷಯದಲ್ಲಿ ಕಥೋಲಿಕ ರಾಜಕಾರಣಿಗಳು ಜಾರಿಕೊಳ್ಳುವಂತಿಲ್ಲ ಅಂತ ವ್ಯಾಟಿಕನ್ 2002ರಲ್ಲಿ ಪ್ರತ್ಯೇಕ ಟಿಪ್ಪಣಿಯನ್ನೇ ಹೊರಡಿಸಿತು. ಅದು ಬೇರೆ ಲೆಕ್ಕ. ಕೂಲಿ ನ್ಯಾಯವಾಗಿರಬೇಕು ಅನ್ನೋದು ಬೋಧನೆ. ಎಷ್ಟು, ಯಾವ ಕಾನೂನಿನಲ್ಲಿ, ಯಾವಾಗಿನಿಂದ ಅನ್ನೋದನ್ನು ನೀವು ನಾನು ತಲೆ ಕೆಡಿಸಿಕೊಂಡು ಕಂಡುಕೊಳ್ಳಬೇಕು.

ಆ ತಲೆ ಕೆಡಿಸಿಕೊಳ್ಳುವ ಕೆಲಸವೇ ನಿಮ್ಮ ಲೇಖನದಲ್ಲಿ ಇಲ್ಲ. ಪುಟಪುಟಕ್ಕೂ ಧರ್ಮಸಭೆ ಬರುತ್ತದೆ. ಮಸೂದೆ ಕೂಲಿಯನ್ನು ಎಷ್ಟರಿಂದ ಎಷ್ಟಕ್ಕೆ ಏರಿಸುತ್ತದೆ ಅನ್ನೋದು ಎಲ್ಲೂ ಇಲ್ಲ! ನಿಮ್ಮ ಕಸ ಗುಡಿಸುವ ಹೆಂಗಸನ್ನು ತಿನ್ನುತ್ತಿರುವುದು ಕಡಿತ. ಕನಿಷ್ಠ ಕೂಲಿ ಏರಿದರೆ ಕಡಿತ ನಿಲ್ಲುತ್ತಾ? ಗುತ್ತಿಗೆದಾರ ಇನ್ನೊಂದು ಸಾಲು ಸೇರಿಸಲ್ವಾ? ಅವಳೇ ಕೇಳಬಹುದಾದ ಪ್ರಶ್ನೆ ಇದು, ನೀವು ಕೇಳಿಲ್ಲ.

ಕೊನೆಯ ಪುಟದಿಂದ ಒಂದೇ ವಾಕ್ಯ: “ಯಾರಿಗೆ ಓಟು ಹಾಕಬೇಕೆಂದು ಗುರುಗಳೇ ಪ್ರಬೋಧನೆಯಲ್ಲಿ ಹೇಳಿಬಿಟ್ಟರೆ ಗೊಂದಲ ಇರುವುದಿಲ್ಲ.”

ಮೂರನೇ ಪುಟದ ಚಾಳಿಯೇ ಇದು, ಬೇರೆ ವೇಷದಲ್ಲಿ. ಅಲ್ಲಿ ಧರ್ಮಸಭೆಯ ಹೆಗಲ ಮೇಲೆ ಬಂದೂಕಿಟ್ಟಿರಿ, ಇಲ್ಲಿ ಗುರುಗಳ, ಅಂದರೆ ಪಾದ್ರಿಗಳ ಹೆಗಲು. ಏಳುವ ಪ್ರತಿ ಪ್ರಶ್ನೆಗೂ ಗುರುಗಳ ಬಳಿ ಸಿದ್ಧ ಉತ್ತರ ಇರುತ್ತದೆ ಅಂದುಕೊಳ್ಳಬೇಡಿ ಅಂತ ಅದೇ 43ನೇ ಪ್ಯಾರಾ ಶ್ರೀಸಾಮಾನ್ಯರಿಗೆ, ಅಂದರೆ ಗುರುಗಳಲ್ಲದ ವಿಶ್ವಾಸಿಗಳಿಗೆ, ಹೇಳುತ್ತದೆ. ಪೋಪ್ ಹದಿನಾರನೇ ಬೆನೆಡಿಕ್ಟ್ 2005ರ ‘ದೇವುಸ್ ಕಾರಿತಾಸ್ ಎಸ್ತ್’ ವಿಶ್ವಪತ್ರದಲ್ಲಿ ಇನ್ನೂ ಬಿಡಿಸಿ ಹೇಳಿದರು: ಧರ್ಮಸಭೆ ಸರ್ಕಾರದ ಜಾಗದಲ್ಲಿ ಕೂರುವಂತಿಲ್ಲ, ನ್ಯಾಯದ ಹೋರಾಟದಲ್ಲಿ ಸುಮ್ನೆ ಪಕ್ಕಕ್ಕೆ ನಿಲ್ಲುವಂತೆಯೂ ಇಲ್ಲ. ಸಮಾಜದಲ್ಲಿ ನ್ಯಾಯದ ವ್ಯವಸ್ಥೆ ಕಟ್ಟುವ ನೇರ ಹೊಣೆ ಶ್ರೀಸಾಮಾನ್ಯರದು. ಅಂದರೆ ನಿಮ್ಮದು. ನೀವು ಅದನ್ನು ಪೀಠದ ಕಡೆಗೆ ವಾಪಸ್ ತಳ್ಳುತ್ತಿದ್ದೀರಿ.

ಉಳಿದ ಪುಟಗಳ ಬಗ್ಗೆ ಏನೂ ಹೇಳುವುದಿಲ್ಲ. ಈ ಎರಡು ಪುಟ ಮತ್ತೆ ಬರೆದು ಕಳಿಸಿ. ಮಸೂದೆಯ ಪ್ರತಿಯನ್ನೂ ಜೊತೆಗಿಡಿ, ನಾನು ಓದಬೇಕು.

ಸಂಪಾದಕ