‘ಕರುಣೆ’ ಕತೆ ವಾಪಸ್ ಕಳಿಸುತ್ತಿದ್ದೇನೆ

ನಮಸ್ಕಾರ.

ನಿಮ್ಮ ‘ಕರುಣೆ’ ಕತೆಯನ್ನು ಎರಡು ಸಲ ಓದಿದೆ. ಈಗಿರುವ ಹಾಗೇ ಅಚ್ಚಿಗೆ ಹಾಕಲು ಆಗುವುದಿಲ್ಲ. ಕೋಲಾರದ ಎಪಿಎಂಸಿ ಮಾರುಕಟ್ಟೆಯ ಬೆಳಗಿನ ಗದ್ದಲ ಚೆನ್ನಾಗಿ ಬಂದಿದೆ, ಎರಡು ಮಾತಿಲ್ಲ. ತೊಡಕಿರುವುದು ಹೆಸರಿನಲ್ಲೇ. “ಕರುಣೆ, ಮರುಕ, ಅನುಕಂಪ ಎಲ್ಲಾ ಒಂದೇ, ಯಾವುದಾದರೂ ಇಡಿ” ಎಂದು ಬರೆದಿದ್ದೀರಲ್ಲ, ಒಂದೇ ಅಲ್ಲ.

ನಿಮ್ಮ ನಾಯಕ ಮಂಡಿಯಲ್ಲಿ ಲೆಕ್ಕ ಬರೆಯುವವನು. ಟೊಮೆಟೊ ರೇಟು ಬಿದ್ದಿದೆ. ಮುದುಕರೊಬ್ಬರು ತಂದ ಹಣ್ಣನ್ನು ಕೇಳುವವರಿಲ್ಲ, ರಸ್ತೆ ಪಕ್ಕ ಸುರಿಯಲು ಹೊರಟಿದ್ದಾರೆ. ಇವನ ಕಣ್ಣು ತುಂಬುತ್ತದೆ, ‘ಎದೆಯಲ್ಲಿ ಕರುಣೆ ಉಕ್ಕುತ್ತದೆ’. ಆಮೇಲೆ ಬೈಕ್ ಹತ್ತಿ ಊಟಕ್ಕೆ ಹೋಗುತ್ತಾನೆ! ಇದಕ್ಕೆ ನಮ್ಮ ಕಡೆ ‘ಅಯ್ಯೋ ಪಾಪ’ ಅಂತಾರೆ. ಮರುಕ ಅನ್ನಿ, ಕನಿಕರ ಅನ್ನಿ. ಅದೇನು ಸುಳ್ಳಲ್ಲ, ಅವನ ಮನಸ್ಸು ನಿಜವಾಗಿಯೂ ನೊಂದಿದೆ. ಆದರೆ ಮುದುಕರಿಗೆ ಏನು ಬಂತು?

ನಾಲ್ಕನೇ ಪುಟದಲ್ಲಿ ಒಬ್ಬ ಹಮಾಲಿ ಬರುತ್ತಾನೆ. ಮೂರೇ ಸಾಲು. “ಇರು ತಾತಾ” ಎಂದು ಕುಕ್ಕುರುಗಾಲಲ್ಲಿ ಕೂತು, ಒಡೆದ ಹಣ್ಣು ಬೇರೆ ಮಾಡಿ, ಗಟ್ಟಿ ಹಣ್ಣನ್ನು ಎರಡು ಬಾಕ್ಸಿಗೆ ತುಂಬಿ, ಹೊತ್ತುಕೊಂಡು ಹೋಗಿ ಇನ್ನೊಂದು ಮಂಡಿಯಲ್ಲಿ ಇಡುತ್ತಾನೆ. ಕಣ್ಣೀರಿಲ್ಲ, ಬೈಗುಳವೇ ಜಾಸ್ತಿ. ಕರುಣೆ ಇರುವುದು ಅವನಲ್ಲಿ, ಅಲ್ವಾ? ಅವನಿಗೆ ಸಲ್ಲಬೇಕಾದ ಪದವನ್ನು ಲೆಕ್ಕದವನಿಗೆ ಕೊಟ್ಟುಬಿಟ್ಟಿದ್ದೀರಿ.

ಈ ಗೊಂದಲ ನಿಮ್ಮೊಬ್ಬರದ್ದಲ್ಲ ಬಿಡಿ. ‘ಅನುಕಂಪ’ವನ್ನೇ ನೋಡಿ. ಕಂಪ ಅಂದರೆ ನಡುಕ. ಇನ್ನೊಬ್ಬರು ನಡುಗಿದಾಗ ಜೊತೆಗೆ ನಾವೂ ನಡುಗುವುದು. ಚುನಾವಣೆಯಲ್ಲಿ ‘ಅನುಕಂಪದ ಅಲೆ’ ಅಂದಾಗ ಅದು ಮರುಕದ ಮಾತು. ಸರ್ಕಾರಿ ನೌಕರ ಸೇವೆಯಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ ‘ಅನುಕಂಪದ ಆಧಾರದ ಮೇಲೆ’ ಕೆಲಸ ಕೊಡುತ್ತಾರೆ, ಅದಕ್ಕೆ ಕರ್ನಾಟಕದಲ್ಲಿ 1996ರ ನಿಯಮಗಳೇ ಇವೆ. ಅದೇ ಪದಕ್ಕೆ ಅಲ್ಲಿ ಕೈಕಾಲು ಬಂದಿದೆ. ಹಾಗಾಗಿ ಸುಮ್ನೆ ನಿಘಂಟು ತಿರುವಬೇಡಿ, ಪಾತ್ರ ಮಾಡಿದ್ದೇನು ನೋಡಿ.

ಲೆಕ್ಕದವನನ್ನು ಒಳ್ಳೆಯವನನ್ನಾಗಿ ತಿದ್ದಲು ಹೋಗಬೇಡಿ, ಅವನು ಊಟಕ್ಕೇ ಹೋಗಲಿ. ಹಮಾಲಿಯ ಮೂರು ಸಾಲು ಒಂದೂವರೆ ಪುಟವಾಗಲಿ. ಆ ಹೊತ್ತಿನಲ್ಲಿ ಅವನ ಕೂಲಿ ಎಷ್ಟು ಹೋಯಿತು ಅನ್ನುವುದೂ ಗೊತ್ತಾಗಲಿ. ಅವನ ಬಾಯಲ್ಲಿ ‘ಸಹಾನುಭೂತಿ’ ಅನ್ನುವ ಪದ ಬೇಡ, ತೆಗೆದುಬಿಡಿ. ಮತ್ತೆ, ಬಾಕ್ಸು 20 ಕೆಜಿ ಅಂತ ಬರೆದಿದ್ದೀರಿ. ಕೋಲಾರದಲ್ಲಿ 15. ಮಂಡಿ ಕಂಡ ಓದುಗರು ಮೊದಲು ಹಿಡಿಯುವುದೇ ಅದನ್ನು.