ಏದುಸಿರಿಗೆ ಪುಡಿ ಬೇಡ, ಮೊದಲು ವೇಗ ಇಳಿಸಿ

ಮೂರು ವಾರ ಓಡಿದರೂ ಐದೇ ನಿಮಿಷಕ್ಕೆ ಏದುಸಿರು ಬರುತ್ತದೆ, ಬೀಟ್‌ರೂಟ್ ಪುಡಿ ಮತ್ತು ಅಶ್ವಗಂಧ ಶುರು ಮಾಡಲೇ ಅಂತ ಕೇಳಿದ್ದೀರಿ. ನನಗನ್ನಿಸುವುದು, ನೀವು ಜಾಸ್ತಿ ಜೋರಾಗಿ ಓಡುತ್ತಿದ್ದೀರಿ, ಅಷ್ಟೇ.

ಓಡುತ್ತಲೇ ಒಂದು ಪೂರ್ತಿ ವಾಕ್ಯ ಹೇಳಿ ನೋಡಿ. ಮಧ್ಯದಲ್ಲಿ ಉಸಿರು ಎಳೆದುಕೊಳ್ಳಬೇಕಾಯಿತೇ? ವೇಗ ಇಳಿಸಿ. 1 ನಿಮಿಷ ಓಟ, 2 ನಿಮಿಷ ನಡಿಗೆ, ಹೀಗೆ 8 ಸುತ್ತು. ವಾರಕ್ಕೆ 3 ದಿನ ಸಾಕು. ಹೃದಯ ಒಂದೊಂದು ಬಡಿತಕ್ಕೂ ಹೆಚ್ಚು ರಕ್ತ ತಳ್ಳಲು, ಕಾಲಿನ ಸ್ನಾಯುಗಳಲ್ಲಿ ಸಣ್ಣ ರಕ್ತನಾಳಗಳು ಬೆಳೆಯಲು ಸಮಯ ಬೇಕು. ಮೂರು ವಾರ ಏನೇನೂ ಅಲ್ಲ.

ಬೀಟ್‌ರೂಟ್ ಬರೀ ಸುಳ್ಳೇನಲ್ಲ. ಅದರ ನೈಟ್ರೇಟನ್ನು ಬಾಯಿಯ ಬ್ಯಾಕ್ಟೀರಿಯಾ ನೈಟ್ರೈಟ್ ಮಾಡುತ್ತವೆ. ಅದು ಮುಂದೆ ನೈಟ್ರಿಕ್ ಆಕ್ಸೈಡ್ ಆಗಿ ರಕ್ತನಾಳ ಹಿಗ್ಗಿಸುತ್ತದೆ. ಓಟಕ್ಕೆ 2–3 ಗಂಟೆ ಮೊದಲು ಕುಡಿಯಬೇಕು. ಮೌತ್‌ವಾಶ್ ಬಳಸಿದರೆ ಆ ಬ್ಯಾಕ್ಟೀರಿಯಾಗಳೇ ಸಾಯುತ್ತವೆ! (ಮೂತ್ರ ಕೆಂಪಾದರೆ ಗಾಬರಿಯಾಗಬೇಡಿ.) ಆದರೆ ಸಿಗುವ ಲಾಭ ಚಿಕ್ಕದು.

ಅಶ್ವಗಂಧ ಮಾತ್ರ ಸುಮ್ನೆ ಶುರು ಮಾಡಬೇಡಿ. ಗಿಡಮೂಲಿಕೆ ಅಲ್ವಾ, ಏನಾಗುತ್ತೆ ಅನ್ನುತ್ತಾರೆ. ಅದು ಥೈರಾಯ್ಡ್ ಹಾರ್ಮೋನ್ ಏರಿಸಬಹುದು. ಅಪರೂಪಕ್ಕೆ ಲಿವರ್‌ಗೆ ಪೆಟ್ಟು ಬಿದ್ದದ್ದೂ ಇದೆ. ಥೈರಾಯ್ಡ್ ಮಾತ್ರೆ ನುಂಗುವವರು ವೈದ್ಯರನ್ನು ಕೇಳದೆ ಮುಟ್ಟಬಾರದು, ಬಸುರಿಯರಂತೂ ಬೇಡವೇ ಬೇಡ.

ಮೆಟ್ಟಿಲು ಹತ್ತಿದರೂ ಏದುಸಿರು, ದಿನವಿಡೀ ಸುಸ್ತು ಇದೆಯೇ? ಹಾಗಿದ್ದರೆ ಪುಡಿಗೆ ಕೊಡುವ ದುಡ್ಡಲ್ಲಿ ಹಿಮೋಗ್ಲೋಬಿನ್, ಫೆರಿಟಿನ್ (ದೇಹದಲ್ಲಿ ಕೂಡಿಟ್ಟ ಕಬ್ಬಿಣಾಂಶ ಎಷ್ಟಿದೆ ಎಂದು ತೋರಿಸುವುದು) ಪರೀಕ್ಷೆ ಮಾಡಿಸಿ. ಎದೆನೋವು, ತಲೆಸುತ್ತು ಬಂದರೆ ಓಟ ನಿಲ್ಲಿಸಿ, ತಡಮಾಡದೆ ವೈದ್ಯರಿಗೆ ತೋರಿಸಿ.